ಮುಟ್ಟದೆ ತಿಳಿಯದ ರೋಗ

ಕುಷ್ಠರೋಗ ಹೇಗೆ ಬರುತ್ತದೆ, ಹೇಗೆ ವಾಸಿಯಾಗುತ್ತದೆ ಎಂಬುದನ್ನೆಲ್ಲ ಬಲ್ಲ ದಾದಿಯೊಬ್ಬಳು ರೋಗಿಯ ಮಾತ್ರೆಗಳನ್ನು ಅವನ ಕೈಗೆ ಕೊಡದೆ ಮೇಜಿನ ತುದಿಗೆ ತಳ್ಳಿದರೆ ಅದಕ್ಕೆ ಏನೆನ್ನಬೇಕು? ಅಜ್ಞಾನ ಎನ್ನುವಂತಿಲ್ಲ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ದಾವಣಗೆರೆ ವೈದ್ಯಕೀಯ ಕಾಲೇಜುಗಳ ಊರು. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದಾದಿಯರು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಮುಂದೆ ಮೇಣದ ಬತ್ತಿ ಹಚ್ಚುವವರಲ್ಲಿ ಅವರೂ ಇರುತ್ತಾರೆ.

ಪುಸ್ತಕದ ಪಾಠ ಸರಳ. ಹಾನ್ಸೆನ್ ಈ ರೋಗಾಣುವನ್ನು ಕಂಡದ್ದು 1873ರಲ್ಲಿ. (ಡೇಮಿಯನ್ ಸ್ವಾಮಿಗಳು ಮೊಲೊಕಾಯ್ ದ್ವೀಪದ ರೋಗಿಗಳೊಡನೆ ಬಾಳಲು ಹೋದದ್ದೂ ಅದೇ ವರ್ಷ. ಆಗ ಗುಣಪಡಿಸುವ ಔಷಧಿಯೇ ಇರಲಿಲ್ಲ.) ಬಹುತೇಕರ ದೇಹಕ್ಕೆ ರೋಗವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ 6 ಅಥವಾ 12 ತಿಂಗಳು ಉಚಿತ ಚಿಕಿತ್ಸೆ ಪಡೆದರೆ ಗುಣವಾಗುತ್ತದೆ. ಔಷಧಿ ಶುರುವಾದೊಡನೆ ಹರಡುವ ಭಯವೂ ಬೇಗನೆ ತೀರುತ್ತದೆ.

ಆದರೆ ತಲೆ ಕಲಿತದ್ದನ್ನು ಕೈ ಒಪ್ಪುವುದು ತಡ. ಭಯಪಡುವುದು ಪಾಪವಲ್ಲ, ಅದು ಅಜ್ಜಿಯರ ಕಾಲದಿಂದ ಬಂದದ್ದು. ಆದರೆ ಮಾತ್ರೆ ತಳ್ಳಿದ ಆ ಕೈಯನ್ನು ರೋಗಿ ನೋಡಿರುತ್ತಾನೆ. ಮುಂದಿನ ತಿಂಗಳು ಅವನು ಬಾರದೆ ಹೋಗಬಹುದು. ಇನ್ನೊಂದು ಮನೆಯವರು, ಮಗಳ ಮದುವೆ ನಿಂತೀತೆಂದು, ಮಚ್ಚೆಯನ್ನು ಬಟ್ಟೆಯೊಳಗೆ ಮುಚ್ಚಿಡುತ್ತಾರೆ. ಅಷ್ಟರಲ್ಲಿ ನರ ಕೆಡುತ್ತದೆ, ಬಿಸಿ ಪಾತ್ರೆ ಸುಟ್ಟರೂ ತಿಳಿಯುವುದಿಲ್ಲ, ಬೆರಳು ಮುದುಡುತ್ತದೆ. ಆ ಬೆರಳನ್ನು ಮುದುಡಿಸಿದ್ದು ರೋಗಾಣು ಮಾತ್ರವೇ? ನಾಚಿಕೆಗೂ ಅದರಲ್ಲಿ ಪಾಲಿದೆ ಎಂದು ನಾನು ಹೇಳುತ್ತೇನೆ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯಲ್ಲೂ ಕುಷ್ಠರೋಗ ಒಂದು ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ!

ಇನ್ನೊಂದು ಸಂಗತಿ. ಇದು ಮುಟ್ಟಿಯೇ ಪತ್ತೆ ಮಾಡಬೇಕಾದ ರೋಗ. ಮಚ್ಚೆಯ ಮೇಲೆ ಹತ್ತಿ ಅಥವಾ ಪೆನ್ನಿನ ತುದಿ ತಾಗಿಸಿ ಸ್ಪರ್ಶಜ್ಞಾನ ಇದೆಯೇ ಎಂದು ಕೇಳಬೇಕು. ಮೊಣಕೈಯ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಮುಟ್ಟಲೊಲ್ಲದವರಿಗೆ ದಯೆ ಇಲ್ಲ ಎಂಬುದು ಆಮೇಲಿನ ಮಾತು, ಮೊದಲು ಅವರು ತಮ್ಮ ಕೆಲಸವನ್ನೇ ಮಾಡಿಲ್ಲ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿನೋಡಿ. ಒಂದು ಮಾತಿನಿಂದಲೇ ಗುಣಪಡಿಸಬಲ್ಲ ಪ್ರಭು ಯೇಸು ಆ ರೋಗಿಯನ್ನು ಮುಟ್ಟುತ್ತಾರೆ. ಅವನು ಶುದ್ಧನಾದ ಮೇಲಲ್ಲ, ಅದಕ್ಕೂ ಮೊದಲೇ.

ಕೈಯ ಪಾಠ ಕಾಲೇಜಿನಲ್ಲಿ ಆರಂಭವಾಗುವುದಿಲ್ಲ, ಮನೆಯಲ್ಲಿ. ತಾಯಂದಿರೇ, ನಿಮ್ಮ ಮಗಳು ಸಂಜೆ ಡ್ಯೂಟಿ ಮುಗಿಸಿ ಬಂದು, "ಅಮ್ಮಾ, ಇವತ್ತು ಕುಷ್ಠರೋಗಿಯೊಬ್ಬರ ಕೈ ಹಿಡಿದು ನೋಡಿದೆ" ಎಂದರೆ ಏನು ಹೇಳುತ್ತೀರಿ? ಊಟಕ್ಕೆ ಬಾ ಎನ್ನುತ್ತೀರೋ, ಮೊದಲು ಸ್ನಾನ ಮಾಡು ಎನ್ನುತ್ತೀರೋ?