ಔಷಧವನ್ನು ಬಿಡುವ ವಿವೇಕ



ಮಠಕ್ಕೆ ಬರುವವರು ತಮ್ಮ ಮನೆಯ ಸುಖದುಃಖಗಳನ್ನು ನಮ್ಮ ಮುಂದೆ ಹೇಳಿಕೊಳ್ಳುವುದು ಹಿಂದಿನಿಂದ ನಡೆದುಬಂದ ರೂಢಿ. ಮಳೆ ಬೆಳೆ, ಮಕ್ಕಳ ವಿದ್ಯಾಭ್ಯಾಸ, ಮದುವೆ, ಜಮೀನಿನ ವ್ಯಾಜ್ಯ, ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಉಳಿದವರೆಲ್ಲ ಎದ್ದು ಹೋದ ಮೇಲೆ, ತಗ್ಗಿದ ಧ್ವನಿಯಲ್ಲಿ ಕೇಳುವ ಪ್ರಶ್ನೆ ಅದು: “ಬುದ್ಧಿ, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಚೆನ್ನಾಗಿದ್ದೇನೆ. ಬಿಟ್ಟುಬಿಡಲೆ?”

ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ರಕ್ತದೊತ್ತಡದ ಮಾತ್ರೆಯನ್ನೋ ಬಿಡಲೆ ಎಂದು ನಮ್ಮನ್ನು ಕೇಳಿದವರು ವಿರಳ. ಅದನ್ನು ವೈದ್ಯರಲ್ಲಿ ಕೇಳುತ್ತಾರೆ. ಖಿನ್ನತೆ, ಆತಂಕ, ಉನ್ಮಾದ ಇವುಗಳ ಔಷಧದ ವಿಷಯ ಬಂದಾಗ ಮಾತ್ರ ಸ್ವಾಮಿಗಳ ನೆನಪಾಗುತ್ತದೆ. ಏಕೆಂದರೆ ಕೇಳುವವರಿಗೆ ಅದು ಬರಿಯ ವೈದ್ಯಕೀಯ ಪ್ರಶ್ನೆಯಾಗಿ ಉಳಿದಿಲ್ಲ. ಮಾತ್ರೆ ನುಂಗುವುದು ತಮ್ಮ ದೌರ್ಬಲ್ಯದ ಗುರುತು, ಭಕ್ತಿಯ ಕೊರತೆಯ ಗುರುತು ಎಂಬ ಅಳುಕು ಅವರೊಳಗಿದೆ. ಬಿಟ್ಟರೆ ಗೆದ್ದಂತೆ, ಮುಂದುವರಿಸಿದರೆ ಸೋತಂತೆ ಎಂದು ಅವರು ಭಾವಿಸಿದ್ದಾರೆ. ಈ ಭಾವನೆ ಸರಿಯೆ ಎಂಬುದನ್ನು ಇಲ್ಲಿ ವಿಚಾರ ಮಾಡಬೇಕಾಗಿದೆ. ಅದಕ್ಕೆ ಮುನ್ನ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಧರ್ಮ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾವು ಪೀಠದ ಹೊಣೆ ಹೊತ್ತು ಬಹಳ ಕಾಲವಾಗಿರಲಿಲ್ಲ. ನಮ್ಮ ಉಚಿತ ವಿದ್ಯಾರ್ಥಿನಿಲಯದಲ್ಲಿ ಓದಿ ಉಪಾಧ್ಯಾಯರಾಗಿದ್ದ ಒಬ್ಬರು ಬಂದು ಕುಳಿತರು. ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಕಾಯಿಲೆಗೆ ಅವರು ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರು. “ಬುದ್ಧಿ, ನಾಲ್ಕು ವರ್ಷದಿಂದ ಏನೂ ಆಗಿಲ್ಲ. ಆದರೆ ಕೈ ನಡುಗುತ್ತದೆ. ಬೋರ್ಡಿನ ಮೇಲೆ ಅಕ್ಷರ ನೆಟ್ಟಗೆ ಬರುವುದಿಲ್ಲ, ಮಕ್ಕಳು ನಗುತ್ತಾರೆ. ಬಿಡಲೆ?” ಎಂದರು. “ಶಿವಪೂಜೆಯನ್ನು ನಿಷ್ಠೆಯಿಂದ ಮಾಡು. ಮನಸ್ಸು ಗಟ್ಟಿಯಾದರೆ ಮಾತ್ರೆಯ ಹಂಗೇಕೆ?” ಎಂದೆವು. ‘ಬಿಡು’ ಎಂದು ನಾವು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರು ಅದನ್ನು ಗುರುವಿನ ಅಪ್ಪಣೆಯೆಂದೇ ಸ್ವೀಕರಿಸಿದರು. ಮರುದಿನದಿಂದಲೇ ಮಾತ್ರೆ ನಿಂತಿತು. ಮನೆಯವರಿಗಾಗಲಿ ವೈದ್ಯರಿಗಾಗಲಿ ತಿಳಿಸಲಿಲ್ಲ.

ಕೆಲವೇ ವಾರಗಳಲ್ಲಿ ಅವರ ನಿದ್ರೆ ಕಡಿಮೆಯಾಯಿತು, ಮಾತು ಹೆಚ್ಚಿತು, ಮುಖದಲ್ಲಿ ಒಂದು ಬಗೆಯ ಕಳೆ ಬಂದಿತು. ಭಕ್ತಿಯ ಉತ್ಸಾಹವೆಂದೇ ನಾವೂ ತಿಳಿದೆವು. ಮನೆ ಕಟ್ಟಲೆಂದು ಕೂಡಿಟ್ಟಿದ್ದ ಹಣವನ್ನು ಅವರು ದಾನ ಮಾಡತೊಡಗಿದರು. ಅದರಲ್ಲಿ ಒಂದು ಪಾಲು ಮಠಕ್ಕೂ ಬಂದಿತು. ನಾವು ಶಾಲು ಹೊದಿಸಿ ಆಶೀರ್ವದಿಸಿದೆವು. ಉಬ್ಬರ ಇಳಿದ ಮೇಲೆ ಅವರು ಎಷ್ಟು ಆಳಕ್ಕೆ ಬಿದ್ದರೆಂದರೆ, ಒಂದು ಮುಂಜಾನೆ ಊರವರು ಕೆರೆಯ ಏರಿಯಿಂದ ಅವರನ್ನು ಹಿಡಿದು ಕರೆತರಬೇಕಾಯಿತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಆಗ ಅವರ ಧರ್ಮಪತ್ನಿ ಮಠಕ್ಕೆ ಬಂದು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. “ಬುದ್ಧಿ, ತಾವು ಅವರಿಗೆ ಏನು ಹೇಳಿದಿರಿ ಎಂದು ಕೇಳಲು ಬಂದಿಲ್ಲ. ಅವರು ಕೊಟ್ಟ ಹಣ ಉಳಿದಿದ್ದರೆ ದಯಮಾಡಿ ಕೊಡಿ. ಆಸ್ಪತ್ರೆಗೆ ಕಟ್ಟಬೇಕು.” ಹಣವನ್ನು ಹಿಂದಿರುಗಿಸಿದೆವು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ದಾರಿ ಮಾತ್ರ ಇರಲಿಲ್ಲ.

ಆ ಬಳಿಕ ಈ ವಿಷಯವನ್ನು ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡೆವು. ಲಿಥಿಯಂ ಎಂಬುದು ಪ್ರಕೃತಿಯಲ್ಲಿಯೇ ದೊರೆಯುವ ಒಂದು ಧಾತು. ಅದರ ಲವಣವು ಉನ್ಮಾದವನ್ನು ಶಮನ ಮಾಡಬಲ್ಲದೆಂಬುದನ್ನು ೧೯೪೯ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದರು. ಅದನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ, ನಿಧಾನವಾಗಿ ಇಳಿಸಿದಾಗ ಇರುವುದಕ್ಕಿಂತ ಹೆಚ್ಚು. ನಮ್ಮ ಉಪಾಧ್ಯಾಯರ ಭಕ್ತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಭಕ್ತಿಯನ್ನು ಆ ಲವಣದ ಎದುರಿಗೆ ಪೈಪೋಟಿಗೆ ನಿಲ್ಲಿಸಿದ್ದು ನಮ್ಮ ಅವಿವೇಕ.

‘ಮಾತ್ರೆಯಿಂದ ಬಂದ ಸಮಾಧಾನ ನನ್ನದಲ್ಲ, ಅದು ಕೃತಕ’ ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಒಂದು ಗೌರವಾರ್ಹ ಅಂಶವಿದೆ. ಮನುಷ್ಯ ತನ್ನ ಮನಸ್ಸಿಗೆ ತಾನೇ ಒಡೆಯನಾಗಿರಬೇಕೆಂದು ಬಯಸುವುದು ಸಹಜ. ಆದರೆ ಹಸಿದವನಿಗೆ ಧ್ಯಾನ ನಿಲ್ಲುವುದಿಲ್ಲ, ಮೂರು ರಾತ್ರಿ ನಿದ್ರೆಗೆಟ್ಟವನಿಗೆ ಪೂಜೆಯಲ್ಲಿ ಮನಸ್ಸು ನೆಡುವುದಿಲ್ಲ. ಅನ್ನ ಉಂಡ ಮೇಲೆ ಬಂದ ಏಕಾಗ್ರತೆಯನ್ನು ಯಾರೂ ಅನ್ನದ್ದೆಂದು ತಳ್ಳಿಹಾಕುವುದಿಲ್ಲ. ಕಾಯವನ್ನು ತುಚ್ಛವೆಂದು ಕಾಣದೆ, ಲಿಂಗವನ್ನು ಕಾಯದ ಮೇಲೆಯೇ ಧರಿಸುವ ನಮ್ಮ ಸಂಪ್ರದಾಯದವರಿಗೆ ಈ ಮಾತು ಹೊಸದಾಗಬಾರದು. ಔಷಧವು ಸದ್ಗುಣವನ್ನು ಕೊಡಲಾರದು, ಅರಿವನ್ನೂ ಕೊಡಲಾರದು. ಅವುಗಳನ್ನು ಸಾಧಿಸಲು ಬೇಕಾದ ನೆಲವನ್ನು ಹದಗೊಳಿಸಬಲ್ಲದು, ಅಷ್ಟೆ.

‘ಖಿನ್ನತೆಗೆ ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗುವುದೇ ಕಾರಣ ಎನ್ನುತ್ತಿದ್ದರು, ಅದು ಸುಳ್ಳಾಯಿತಂತೆ, ಹಾಗಾದರೆ ಮಾತ್ರೆ ಏಕೆ?’ ಎಂದು ಓದಿದ ಯುವಕರು ಕೇಳುತ್ತಾರೆ. ಆ ಸರಳ ವಿವರಣೆಗೆ ಸ್ಥಿರವಾದ ಆಧಾರವಿಲ್ಲವೆಂದು ೨೦೨೨ರಲ್ಲಿ ಪ್ರಕಟವಾದ ಒಂದು ವಿಸ್ತೃತ ಸಮೀಕ್ಷೆ ಹೇಳಿದ್ದು ನಿಜ. ಆದರೆ ರೋಗದ ಕಾರಣವನ್ನು ಕುರಿತ ಒಂದು ವಿವರಣೆ ಬಿದ್ದುಹೋದ ಮಾತ್ರಕ್ಕೆ, ಔಷಧದಿಂದ ಗುಣ ಕಂಡವರ ಅನುಭವ ಬಿದ್ದುಹೋಗುವುದಿಲ್ಲ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು.

ಇಷ್ಟು ಹೇಳಿದ ಮಾತ್ರಕ್ಕೆ ಔಷಧವನ್ನು ಬಿಡಬೇಕೆಂಬ ಬಯಕೆಯೇ ತಪ್ಪೆಂದು ಭಾವಿಸಬಾರದು. ಮೈ ದಪ್ಪವಾಗುವುದು, ಮನಸ್ಸು ಮಂಕಾಗುವುದು, ದಾಂಪತ್ಯಸುಖಕ್ಕೆ ತೊಡಕಾಗುವುದು, ತಿಂಗಳು ತಿಂಗಳೂ ಬೀಳುವ ಖರ್ಚು, ಇವೆಲ್ಲ ನಿಜವಾದ ಕಷ್ಟಗಳು. ಇವನ್ನು ಹೇಳಿಕೊಂಡವರನ್ನು ‘ಸುಮ್ಮನೆ ನುಂಗು’ ಎಂದು ಗದರುವುದೂ ಅಧರ್ಮವೇ. ಎಲ್ಲರೂ ಜೀವಮಾನವಿಡೀ ಮಾತ್ರೆ ನುಂಗಬೇಕೆಂದೂ ಇಲ್ಲ. ಮೊದಲ ಬಾರಿ ಖಿನ್ನತೆಗೆ ತುತ್ತಾದವರು ಪೂರ್ತಿ ಗುಣವಾದ ಮೇಲೆ ಕಡೆಯ ಪಕ್ಷ ಆರು ತಿಂಗಳು ಔಷಧ ಮುಂದುವರಿಸಿ, ಆಮೇಲೆ ಇಳಿಸುವ ಯೋಚನೆ ಮಾಡಬಹುದೆಂಬುದು ವೈದ್ಯರಲ್ಲಿ ರೂಢಿಯಲ್ಲಿರುವ ಸಲಹೆ. ಮರಳಿ ಮರಳಿ ಬಂದ ಕಾಯಿಲೆಗೆ ಇನ್ನೂ ಹೆಚ್ಚು ಕಾಲ ಬೇಕು.

೨೦೨೧ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನದ ಫಲ ಪ್ರಕಟವಾಯಿತು. ಬಹುಕಾಲದಿಂದ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತ, ಬಿಡಬಹುದೆನ್ನಿಸುವಷ್ಟು ಚೆನ್ನಾಗಿದ್ದ ೪೭೮ ಜನ ಅದರಲ್ಲಿ ಭಾಗವಹಿಸಿದ್ದರು. ಕ್ರಮವಾಗಿ ಇಳಿಸಿ ನಿಲ್ಲಿಸಿದವರಲ್ಲಿ ವರ್ಷದೊಳಗೆ ನೂರಕ್ಕೆ ೫೬ ಮಂದಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ನೂರಕ್ಕೆ ೩೯ ಮಂದಿಗೆ ಮರಳಿತು. ಈ ಎರಡು ಅಂಕಿಗಳನ್ನೂ ಒಟ್ಟಿಗೆ ಓದಬೇಕು. ಬಿಟ್ಟವರಿಗೆ ಅಪಾಯ ಹೆಚ್ಚು ಎಂಬುದು ಸ್ಪಷ್ಟ. ಹಾಗೆಯೇ, ಬಿಟ್ಟರೂ ಚೆನ್ನಾಗಿ ಉಳಿದವರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. ಮುಂದುವರಿಸಿದವರಿಗೂ ಪೂರ್ಣ ಅಭಯವಿಲ್ಲ. ಇಂತಹ ಕಡೆ ‘ಬಿಡು’ ಎಂಬುವನೂ ‘ಬಿಡಲೇಬೇಡ’ ಎಂಬುವನೂ ತನಗೆ ತಿಳಿದುದಕ್ಕಿಂತ ಹೆಚ್ಚು ಹೇಳಿದಂತಾಗುತ್ತದೆ.

ಬಿಡುವ ಕ್ರಮವನ್ನಂತೂ ಎಲ್ಲರೂ ತಿಳಿದಿರಬೇಕು. ಅನೇಕ ಖಿನ್ನತೆಯ ಔಷಧಗಳನ್ನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ಓಕರಿಕೆ, ನಿದ್ರಾಭಂಗ, ಸಿಡುಕು, ತಲೆಯೊಳಗೆ ವಿದ್ಯುತ್ ಹೊಡೆದಂತಹ ಅನುಭವ ಕಾಣಿಸಿಕೊಳ್ಳಬಹುದು. ಕಾಯಿಲೆಯ ಮರುಕಳಿಕೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರುತ್ತದೆ. ಈ ಭೇದ ತಿಳಿಯದವರು ‘ನನಗೆ ಇದರಿಂದ ಬಿಡುಗಡೆಯೇ ಇಲ್ಲ’ ಎಂದು ಕಂಗೆಡುತ್ತಾರೆ. ಈ ತೊಂದರೆ ಕೆಲವರಲ್ಲಿ ತೀವ್ರವಾಗಿ ಬಹಳ ಕಾಲ ಉಳಿಯಬಹುದೆಂಬುದನ್ನು ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ೨೦೧೯ರಲ್ಲಿ ಒಪ್ಪಿಕೊಂಡಿತು. ಆದುದರಿಂದ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಕೊನೆಕೊನೆಯ ಮೆಟ್ಟಿಲುಗಳು ಇನ್ನೂ ಸಣ್ಣವಾಗಿರಬೇಕು. ಏಕೆಂದರೆ ಅಲ್ಪ ಪ್ರಮಾಣದ ಔಷಧವೂ ಮೆದುಳಿನ ಮೇಲೆ ನಾವೆಣಿಸಿದುದಕ್ಕಿಂತ ಹೆಚ್ಚು ಪರಿಣಾಮ ಬೀರುತ್ತಿರುತ್ತದೆ. ಆತಂಕಕ್ಕೂ ನಿದ್ರೆಗೂ ಕೊಡುವ ಡಯಾಜೆಪಾಮ್ ಜಾತಿಯ ಮಾತ್ರೆಗಳನ್ನು ಬಹುದಿನ ಸೇವಿಸಿ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಉಂಟು. ಗರ್ಭಿಣಿಯಾದೆನೆಂದು ತಿಳಿದ ದಿನವೇ ಹೆದರಿ ಎಲ್ಲವನ್ನೂ ಬಿಸಾಡುವ ಸೋದರಿಯರಿದ್ದಾರೆ. ವಾಲ್ಪ್ರೊಯೇಟ್‌ನಂತಹ ಕೆಲವು ಔಷಧಗಳು ಶಿಶುವಿಗೆ ಹಾನಿಕರವೆಂಬುದು ನಿಜ. ಅದಕ್ಕಾಗಿಯೇ ಮಗುವನ್ನು ಬಯಸುವ ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳಬೇಕು.

ಇನ್ನು ಮೂಲಪ್ರಶ್ನೆಗೆ ಬರೋಣ. ಔಷಧ ಬಿಡುವುದರಲ್ಲಿ ನೀತಿಯ ಪ್ರಶ್ನೆ ಎಲ್ಲಿದೆ? ನಮ್ಮ ದೃಷ್ಟಿಯಲ್ಲಿ ಅದು ಮುಚ್ಚುಮರೆಯಲ್ಲಿದೆ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಯಲ್ಲಿರಬೇಕಾದ ಗುಣಗಳಲ್ಲಿ ವೈದ್ಯನ ಮಾತಿನಂತೆ ನಡೆಯುವುದರ ಜೊತೆಗೆ ಅಂಜದಿರುವುದನ್ನೂ, ತನಗೆ ಆಗುತ್ತಿರುವುದನ್ನು ತಿಳಿಯಹೇಳುವ ಶಕ್ತಿಯನ್ನೂ ಅದು ಎಣಿಸಿದೆ. ನಮ್ಮ ಉಪಾಧ್ಯಾಯರು ಕೈನಡುಕವನ್ನು ನಾಲ್ಕು ವರ್ಷ ವೈದ್ಯರಿಗೆ ಹೇಳಿಯೇ ಇರಲಿಲ್ಲ! ಆಸ್ಪತ್ರೆಯಿಂದ ಬಂದ ಮೇಲೆ ಹೇಳಿದರು. ವೈದ್ಯರು ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ತಗ್ಗಿಸಿದರು. ನಡುಕ ಬಹುಮಟ್ಟಿಗೆ ನಿಂತಿತು. ನಮ್ಮ ಬಳಿ ತಂದ ಪ್ರಶ್ನೆಗೆ ಉತ್ತರ ಬೇರೆ ಕಡೆ ಇತ್ತು. ‘ಇದನ್ನು ವೈದ್ಯರಿಗೆ ಹೇಳಿದ್ದೀಯಾ?’ ಎಂಬ ಒಂದು ಮಾತನ್ನು ಅಂದು ನಾವು ಕೇಳಲಿಲ್ಲ.

‘ನನ್ನ ದೇಹ, ನನ್ನ ಮನಸ್ಸು, ಬಿಡುವ ಹಕ್ಕು ನನ್ನದಲ್ಲವೆ?’ ಎನ್ನಬಹುದು. ಹಕ್ಕು ನಿಮ್ಮದೇ. ಆದರೆ ಮನಸ್ಸಿನ ಕಾಯಿಲೆಯಲ್ಲಿ ಒಂದು ವಿಶೇಷವಿದೆ. ನಿರ್ಣಯ ಮಾಡುವ ಬುದ್ಧಿಯನ್ನೇ ಅದು ಕೆಲವೊಮ್ಮೆ ಮುಸುಕುತ್ತದೆ. ಉನ್ಮಾದ ಏರುತ್ತಿರುವಾಗ ‘ನನಗೆ ಔಷಧ ಬೇಡ’ ಎನ್ನುವವನು ಯಾರು? ಸ್ವಸ್ಥನಾಗಿದ್ದಾಗ ಹೆಂಡತಿ ಮಕ್ಕಳಿಗೆ ಮನೆ ಕಟ್ಟಲು ಹಣ ಕೂಡಿಟ್ಟವನೆ, ಅಥವಾ ಒಂದು ವಾರದಲ್ಲಿ ಅದನ್ನು ಹಂಚಿಬಿಟ್ಟವನೆ? ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಈ ತೊಡಕನ್ನು ಗುರುತಿಸಿದೆ. ಮುಂದೆ ತನ್ನ ವಿವೇಚನೆ ಕುಂದಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮೊದಲೇ ಬರೆದಿಡಲು, ತನ್ನ ಪರವಾಗಿ ಮಾತನಾಡುವವರನ್ನು ತಾನೇ ನೇಮಿಸಿಕೊಳ್ಳಲು ಅದು ಹಕ್ಕು ಕೊಟ್ಟಿದೆ. ಸ್ವಾತಂತ್ರ್ಯವೆಂದರೆ ಒಂಟಿಯಾಗಿ ನಿರ್ಣಯಿಸುವುದು ಎಂದೇನೂ ಅಲ್ಲ. ನಂಬಿದವರನ್ನು ಸಾಕ್ಷಿಯಾಗಿ ಇಟ್ಟುಕೊಂಡು ನಿರ್ಣಯಿಸುವುದೂ ಸ್ವಾತಂತ್ರ್ಯವೇ.

ಮನೆಯವರಿಗೂ ಒಂದು ಮಾತು. ಹೆಣ್ಣುಮಗಳ ಮದುವೆ ಗೊತ್ತಾದೊಡನೆ ‘ಇನ್ನು ಮಾತ್ರೆ ಸಾಕು, ಅವರಿಗೆ ತಿಳಿದರೆ ಗತಿಯೇನು?’ ಎಂದು ನಿಲ್ಲಿಸುವವರನ್ನು ಕಂಡಿದ್ದೇವೆ. ಹೊಸ ಮನೆ, ಹೊಸ ಜನ, ನಿದ್ರೆಯಿಲ್ಲದ ದಿನಗಳು, ಇವುಗಳ ನಡುವೆ ಅವಳನ್ನು ರಕ್ಷಣೆಯಿಲ್ಲದೆ ಕಳುಹಿಸುವುದು ತಾಯಿತಂದೆಯರ ಮರ್ಯಾದೆಗೆ ಮಗಳನ್ನು ಬಲಿಗೊಟ್ಟಂತೆ. ರೋಗಿಗೆ ತಿಳಿಯದಂತೆ ಅನ್ನದಲ್ಲಿ ಮಾತ್ರೆ ಬೆರೆಸಿ ಕೊಡುವವರೂ ಇದ್ದಾರೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಗುಟ್ಟು ಬಯಲಾದ ದಿನ ಆತ ಮಾತ್ರೆಯನ್ನಷ್ಟೇ ಅಲ್ಲ, ಮನೆಯ ಅನ್ನವನ್ನೂ ನಂಬಲಾರ.

ಗುಟ್ಟಿಲ್ಲದೆ ಬಿಟ್ಟವರ ಉದಾಹರಣೆಯೂ ನಮ್ಮ ಮುಂದಿದೆ. ಮಗನನ್ನು ಕಳೆದುಕೊಂಡ ದುಃಖದಿಂದ ಖಿನ್ನತೆಗೆ ಜಾರಿದ್ದ ತಾಯಿಯೊಬ್ಬರು, ಗುಣವಾದ ಒಂದು ವರ್ಷದ ಮೇಲೆ ವೈದ್ಯರನ್ನೂ ಸೊಸೆಯನ್ನೂ ಕೂರಿಸಿಕೊಂಡು ಮಾತನಾಡಿ, ಎಂಟು ತಿಂಗಳಲ್ಲಿ ಮೆಲ್ಲಮೆಲ್ಲನೆ ಮಾತ್ರೆ ಇಳಿಸಿದರು. ನಡುವೆ ಒಮ್ಮೆ ತೊಂದರೆಯಾದಾಗ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ, ಎರಡು ತಿಂಗಳು ಅಲ್ಲಿಯೇ ನಿಂತು, ಮತ್ತೆ ಇಳಿಸಿದರು. ಈಗ ಔಷಧವಿಲ್ಲದೆ ಚೆನ್ನಾಗಿದ್ದಾರೆ. ನಿದ್ರೆ ಕೆಟ್ಟರೆ ಮೊದಲು ತಿಳಿಯುವುದು ಸೊಸೆಗೆ. ಉಪಾಧ್ಯಾಯರು ನಿವೃತ್ತರಾಗಿ, ಲಿಥಿಯಂ ತೆಗೆದುಕೊಳ್ಳುತ್ತಲೇ ಚೆನ್ನಾಗಿದ್ದಾರೆ. ಆಕೆ ಗೆದ್ದವರಲ್ಲ, ಇವರು ಸೋತವರಲ್ಲ. ಇಬ್ಬರೂ ನಿತ್ಯ ತಮ್ಮ ಪೂಜೆ, ಕಾಯಕಗಳನ್ನು ನಡೆಸುತ್ತಿದ್ದಾರೆ.

ಈಗ ಆ ಪ್ರಶ್ನೆ ಬಂದಾಗ ನಾವು ಬಿಡು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. ಏಕೆ ಬಿಡಬೇಕೆನ್ನಿಸಿತು, ಯಾರಿಗೆಲ್ಲ ಹೇಳಿದ್ದೀಯೆ, ಮತ್ತೆ ಕೆಟ್ಟರೆ ಮೊದಲು ಗುರುತಿಸುವವರು ಯಾರು ಎಂದು ಕೇಳುತ್ತೇವೆ. ಉತ್ತರ ನಾಚಿಕೆಯೆಂದಾದರೆ, ನಾಚಿಕೆಪಡಬೇಕಾದುದೇನೂ ಇಲ್ಲವೆಂದು ಹೇಳುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದರು. ಯಾವ ಕೇರಿಯೂ ಯಾವ ಮಠವೂ ಇದಕ್ಕೆ ಹೊರತಲ್ಲ. ಉತ್ತರ ಕಷ್ಟವೆಂದಾದರೆ, ಆ ಕಷ್ಟವನ್ನು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗೆನ್ನುತ್ತೇವೆ. ಅವರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬ ವೈದ್ಯರನ್ನು ನೋಡೆನ್ನುತ್ತೇವೆ. ವೈದ್ಯರು ದೂರವಿರುವ ಊರಿನವರು ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ದೂರವಾಣಿ ಮಾಡಬಹುದು. ಅದು ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಈ ಪುಟವನ್ನು ಓದುತ್ತಿರುವವರಲ್ಲಿ ಯಾರಾದರೂ ಮನೆಯವರಿಗೆ ಹೇಳದೆ ಈಗಾಗಲೇ ಮಾತ್ರೆ ನಿಲ್ಲಿಸಿದ್ದರೆ, ಇಂದು ಸಂಜೆಯೇ ಒಬ್ಬರಿಗೆ ತಿಳಿಸಿರಿ. ಮಠದ ಬಾಗಿಲೂ ತೆರೆದಿದೆ. ಈ ಬಾರಿ ನಾವು ಸರಿಯಾದ ಪ್ರಶ್ನೆಯನ್ನೇ ಕೇಳುತ್ತೇವೆ.