ಹೆಸರು ಯಾರ ಖಾತೆಯಲ್ಲಿದೆ?

ಹರಪನಹಳ್ಳಿಯ ಮಂದಿ ಮನೆ ಬದಲಿಸದೆಯೇ ಜಿಲ್ಲೆ ಬದಲಿಸಿದವರು. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆ ಸೇರಿತು. ಇಷ್ಟೆಲ್ಲ ಆದರೂ ಊರಿನ ಹೆಸರು ಊರಿಗೇ ಉಳಿಯಿತು. ಇಂಟರ್‌ನೆಟ್ಟಿನ ಹೆಸರಿಗೆ ಆ ಭಾಗ್ಯವಿಲ್ಲ. ಡಾಟ್ ಕಾಮ್, ಡಾಟ್ ಇನ್ ಎಂದು ಮುಗಿಯುವ ಡೊಮೇನ್ ಗುತ್ತಿಗೆಗೆ ಹಿಡಿದ ಹೊಲವಿದ್ದಂತೆ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷ. ಹಣ ಕಟ್ಟದಿದ್ದರೆ ಬೇರೆಯವರ ಪಾಲು.

ದೊಡ್ಡವರೂ ಮರೆತಿದ್ದಾರೆ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿ ತನ್ನ ಹಾಟ್‌ಮೇಲ್ ಅಂಚೆಸೇವೆಯ ಲಾಗಿನ್‌ಗೆ ಬಳಸುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್‌ನ 35 ಡಾಲರ್ ಕಟ್ಟಿರಲಿಲ್ಲ. ಹಾಟ್‌ಮೇಲ್ ಬಳಸುತ್ತಿದ್ದ ಎಷ್ಟೋ ಜನರಿಗೆ ಅಂಚೆ ತೆರೆಯಲಿಲ್ಲ. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ತಾನೇ ಆ ಹಣ ಕಟ್ಟಿ ಉಪಕಾರ ಮಾಡಿದ.

ನಮ್ಮ ಕಡೆಯ ತೊಂದರೆ ಮರೆವಿಗಿಂತ ಹಿಂದಿನದು. ಲಾಡ್ಜಿಗೋ, ಕಾಲೇಜಿಗೋ, ಬಿತ್ತನೆ ಬೀಜದ ಅಂಗಡಿಗೋ ವೆಬ್‌ಸೈಟ್ ಮಾಡಿಕೊಡುವ ಹುಡುಗ ಹೆಸರನ್ನು ತನ್ನ ಇಮೇಲ್‌ನಲ್ಲೇ ನೋಂದಾಯಿಸಿಬಿಡುತ್ತಾನೆ. ಕೆಟ್ಟ ಬುದ್ಧಿಯಿಂದಲ್ಲ, ಬೇಗ ಮುಗಿಯಲಿ ಅಂತ. ನಾಲ್ಕು ವರ್ಷದ ಮೇಲೆ ಆತ ಬೆಂಗಳೂರು ಸೇರಿರುತ್ತಾನೆ, ನಂಬರ್ ಬದಲಾಗಿರುತ್ತದೆ, ನವೀಕರಣದ ಎಚ್ಚರಿಕೆ ಯಾರೂ ತೆರೆಯದ ಇನ್‌ಬಾಕ್ಸಿಗೆ ಹೋಗುತ್ತಿರುತ್ತದೆ. ಹೊಲ ಕೊಂಡವರು ಪಹಣಿಯನ್ನು ದಲ್ಲಾಳಿಯ ಹೆಸರಲ್ಲಿ ಬಿಡುತ್ತಾರೆಯೇ?

ಡೊಮೇನಿಗೂ ಒಂದು ಬಗೆಯ ಪಹಣಿ ಇದೆ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಹೆಸರು ಟೈಪ್ ಮಾಡಿದರೆ ಮುಗಿಯುವ ತಾರೀಖು ಕಾಣುತ್ತದೆ. ಜೊತೆಗೆ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂಬ ಸಾಲಿದ್ದರೆ ಬಾಗಿಲಿಗೆ ಬೀಗ ಬಿದ್ದಿದೆ ಎಂದರ್ಥ. ಆ ಬೀಗ ತೆಗೆಯದೆ ಹೆಸರನ್ನು ಇನ್ನೊಂದು ನೋಂದಣಿ ಕಂಪನಿಗೆ ಸಾಗಿಸಲಾಗದು. ಸಾಗಿಸಲು ಬೇಕಾದ ಕೋಡನ್ನು ಒಟಿಪಿಯಂತೆ ಕಾಯಬೇಕು. ಡೊಮೇನ್ ಖಾತೆಗೂ ಅದರ ಇಮೇಲ್‌ಗೂ ಎರಡು ಹಂತದ ಪರಿಶೀಲನೆ ಇಡಬೇಕು, ಏಕೆಂದರೆ ಇಮೇಲ್ ಹೋದರೆ ಉಳಿದದ್ದೆಲ್ಲ ಅದರ ಬೆನ್ನಿಗೇ ಹೋಗುತ್ತದೆ.

ಡಾಟ್ ಕಾಮ್ ಹೆಸರು ಅವಧಿ ಮೀರಿ ಅಳಿಸಿಹೋದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲಿನ ಐದು ದಿನ ಬಿಡಿಸಿಕೊಳ್ಳಲೂ ಆಗದು, ಅಷ್ಟೇ. ಮೊದಲು ಕೈಚಾಚಿದವರಿಗೆ ಅದು ಸಿಗುತ್ತದೆ. ನಿಮ್ಮ ಅಂಗಡಿಯ ಹೆಸರಲ್ಲಿ ಜೂಜಿನ ಜಾಹೀರಾತು ತೆರೆದುಕೊಳ್ಳುವುದು ಅವಮಾನವೇ ಸರಿ. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಇಮೇಲ್. ಆ ಹೆಸರಿಗೆ ಬರುವ ಬಿಲ್ಲು, ವಿದ್ಯಾರ್ಥಿಗಳ ಅರ್ಜಿ, ಪಾಸ್‌ವರ್ಡ್ ಬದಲಿಸುವ ಲಿಂಕು ಎಲ್ಲವೂ ಹೊಸ ಒಡೆಯನ ಕೈಗೆ ಬೀಳಬಹುದು.

ಹಡಗಲಿ ಮಲ್ಲಿಗೆಗೆ ಸಿಕ್ಕ ಭೌಗೋಳಿಕ ಸೂಚಕವನ್ನೂ ಹತ್ತು ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಹೂವಿನ ಹೆಸರಿಗೇ ಇಷ್ಟು ಕಾವಲು ಬೇಕಾದ ಕಾಲವಿದು.

ಇನ್ನೊಂದು ಮಾತು. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಲಾರಿ’ ಅಧಿಕೃತವಾಗಿ ‘ಬಳ್ಳಾರಿ’ ಆಯಿತು. ಹಾಗೆ ಹೆಸರು ತಿದ್ದಿಕೊಂಡು ಹೊಸ ಡೊಮೇನ್ ಕೊಂಡವರು ಹಳೆಯದನ್ನು ಬಿಟ್ಟುಬಿಡಬಾರದು. ಹಳೆಯ ರಸೀದಿ ಪುಸ್ತಕ, ಬಟ್ಟೆಯ ಚೀಲ, ಬಸ್ ನಿಲ್ದಾಣದ ಪಕ್ಕದ ಗೋಡೆಬರಹ ಇನ್ನೂ ಜನರನ್ನು ಅಲ್ಲಿಗೇ ಕಳಿಸುತ್ತಿರುತ್ತವೆ.