ಅನುಕರಣವೂ ಕರ್ತೃತ್ವವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ರಾಮನಗರಕ್ಕೆ ಮುನ್ನ ಸಿಕ್ಕುವ ಬಿಡದಿಯು ತಟ್ಟೆ ಇಡ್ಲಿಗೆ ಹೆಸರಾದ ಊರು. ಈಚಿನ ವರ್ಷಗಳಲ್ಲಿ ಅದಕ್ಕೆ ಮತ್ತೊಂದು ಖ್ಯಾತಿಯೂ ಸೇರಿಕೊಂಡಿದೆ. ಎತ್ತರವಾದ ಗೋಡೆಗಳ ನಡುವೆ ಒಂದು ಮನೆ. ಹೊರಗಿನ ಸುದ್ದಿಯೊಂದೂ ತಿಳಿಯದಂತೆ ನೂರು ದಿನಗಳಷ್ಟು ಕಾಲ ಅದರೊಳಗಿರಲು ಒಪ್ಪಿಬಂದ ಕೆಲವು ಮಂದಿ. ಅವರ ಊಟ ನಿದ್ದೆ ಜಗಳ ಕಣ್ಣೀರುಗಳನ್ನು ಹಗಲಿರುಳೂ ನೋಡುತ್ತಿರುವ ಕ್ಯಾಮೆರಾಗಳು. ಇದೇ ‘ಬಿಗ್ ಬಾಸ್’ ಎಂಬ ದೂರದರ್ಶನದ ಆಟ. 2018ರ ಫೆಬ್ರವರಿಯಲ್ಲಿ ಬಿಡದಿಯಲ್ಲಿದ್ದ ಆ ಮನೆಯು ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಲಾಯಿತು. 2025ರ ಅಕ್ಟೋಬರಿನಲ್ಲಿ ಆಟವು ನಡೆಯುತ್ತಿರುವಾಗಲೇ ಮಾಲಿನ್ಯ ನಿಯಂತ್ರಣ ಮಂಡಲಿಯ ಆದೇಶದಂತೆ ಅಧಿಕಾರಿಗಳು ಬಂದು ಬೀಗಮುದ್ರೆ ಹಾಕಿದರು. ಕೆಲವೇ ದಿನಗಳಲ್ಲಿ ಬೀಗ ತೆಗೆಯಿತು. ಆ ದಿನಗಳಲ್ಲಿ ಕೊಳಚೆ ನೀರಿನ ಮಾತಾಯಿತು, ಕೂಲಿಯವರ ಹೊಟ್ಟೆಪಾಡಿನ ಮಾತಾಯಿತು, ರಾಜಕಾರಣದ ಮಾತಂತೂ ಆಗದೆ ಇರಲಿಲ್ಲ. ಅಲ್ಲಿ ನಡೆಯುವ ಆಟ ಯಾರದು, ಅದರ ಕರ್ತೃವು ಯಾರು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ.

ಆಟದ ವಂಶಾವಳಿಯು ಮರೆಯಲ್ಲೇನೂ ಇಲ್ಲ. 1999ರಲ್ಲಿ ಹಾಲೆಂಡ್ ದೇಶದಲ್ಲಿ ಜಾನ್ ಡಿ ಮೋಲ್ ಎಂಬಾತನ ಎಂಡೆಮೊಲ್ ಸಂಸ್ಥೆಯು ಇದನ್ನು ‘ಬಿಗ್ ಬ್ರದರ್’ ಎಂಬ ಹೆಸರಿನಿಂದ ಆರಂಭಿಸಿತು. ಆ ಹೆಸರಾದರೂ 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲನ ಕಾದಂಬರಿಯದು. ಪ್ರಜೆಗಳ ಉಸಿರನ್ನೂ ಕದ್ದು ನೋಡುವ ಸರ್ವಾಧಿಕಾರಿಗೆ ಆತನು ಇಟ್ಟ ಹೆಸರು. ಭಯಕ್ಕಾಗಿ ಹುಟ್ಟಿದ ಹೆಸರು ಐವತ್ತೇ ವರ್ಷಗಳಲ್ಲಿ ವಿನೋದದ ಹೆಸರಾದುದು ಒಂದು ವಿಚಿತ್ರ. 2006ರಲ್ಲಿ ಆಟವು ಹಿಂದಿಗೆ ಬಂದಿತು. ಅಣ್ಣನು ಹೋಗಿ ಯಜಮಾನನಾದನು. 2013ರಲ್ಲಿ ಕನ್ನಡಕ್ಕೆ ಬರುವಾಗ ಹೆಸರನ್ನು ಕನ್ನಡಿಸುವ ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಮೊದಲು ಮನೆಯಿದ್ದುದು ಮಹಾರಾಷ್ಟ್ರದ ಲೋಣಾವಳದಲ್ಲಿ. ಬಿಡದಿಗೆ ಬಂದದ್ದು ಆಮೇಲೆ. ಪ್ರಶ್ನೋತ್ತರದ ಆಟವೂ ಹೀಗೆಯೇ: 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 2000ದಲ್ಲಿ ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ, 2012ರಲ್ಲಿ ಪುನೀತ್ ರಾಜ್‌ಕುಮಾರರ ನಗುಮುಖದೊಡನೆ ‘ಕನ್ನಡದ ಕೋಟ್ಯಧಿಪತಿ’ಯಾಯಿತು.

ಇವನ್ನು ಕಂಡು ‘ಎಲ್ಲವೂ ಕದ್ದ ಸರಕು’ ಎಂದು ನಿಂದಿಸುವವರುಂಟು. ಈ ನಿಂದೆಯು ಸಲ್ಲದು. ಆಟದ ಮಾದರಿಗೆ ಒಡೆಯರಿದ್ದಾರೆ. ಅವರಿಗೆ ಹಣ ಕೊಟ್ಟು ಅನುಮತಿ ಪಡೆದೇ ಇಲ್ಲಿ ಆಡಿಸುತ್ತಾರೆ. ಕೊಂಡುತಂದುದು ಕಳವಾಗದು. ನ್ಯಾಯಶಾಸ್ತ್ರದ ಮಾತೆತ್ತಿದರೆ ಇನ್ನೂ ಸೋಜಿಗವಿದೆ. ಬರಿಯ ಕಲ್ಪನೆಗೆ ಗ್ರಂಥಸ್ವಾಮ್ಯವಿಲ್ಲ, ಅದು ತಳೆದ ರೂಪಕ್ಕೆ ಮಾತ್ರ ಉಂಟೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್. ಜಿ. ಆನಂದ್ ಎಂಬ ನಾಟಕಕಾರನ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ತನ್ನ ಪ್ರತಿಭಾನ್ವೇಷಣೆಯ ಕಾರ್ಯಕ್ರಮವನ್ನು ನ್ಯೂಜಿಲೆಂಡಿನವರು ಹೆಸರುಸಹಿತ ಎತ್ತಿಕೊಂಡರೆಂದು ಹ್ಯೂಯಿ ಗ್ರೀನ್ ಎಂಬ ನಿರೂಪಕನು ಹೂಡಿದ ದಾವೆಯು 1989ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನಲ್ಲಿ ಬಿದ್ದುಹೋಯಿತು. ಅಷ್ಟೇಕೆ, ಈ ‘ಬಿಗ್ ಬ್ರದರ್’ ಸಹ ದ್ವೀಪವಾಸದ ಇನ್ನೊಂದು ಆಟದ ನಕಲೆಂದು ಡಚ್ ನ್ಯಾಯಾಲಯಗಳಲ್ಲಿ ವ್ಯಾಜ್ಯವಾಗಿ, ಆ ವಾದವು ನಿಲ್ಲಲಿಲ್ಲ. ಮೂಲವೆನಿಸಿಕೊಂಡುದಕ್ಕೇ ಮೂಲದ ಸಂದೇಹ! ಆದುದರಿಂದ ದೋಷವನ್ನು ಹುಡುಕಬೇಕಾದ ಸ್ಥಳ ನ್ಯಾಯಾಲಯವಲ್ಲ.

ನಮ್ಮ ಆಲಂಕಾರಿಕರು ಈ ವಿಷಯವನ್ನು ಸಾವಿರ ವರ್ಷಗಳ ಹಿಂದೆಯೇ ಬಗೆದು ನೋಡಿದ್ದಾರೆ. ಒಬ್ಬ ಕವಿಯ ಮಾತು ಇನ್ನೊಬ್ಬನದನ್ನು ಹೋಲುವ ಪರಿ ಮೂರು ಬಗೆಯೆಂದು ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ವಿವರಿಸುತ್ತಾನೆ. ಕನ್ನಡಿಯಲ್ಲಿನ ಪ್ರತಿಬಿಂಬದಂತಿರುವುದು ಒಂದು. ಚಿತ್ರದಲ್ಲಿ ಬರೆದ ಆಕೃತಿಯಂತಿರುವುದು ಎರಡನೆಯದು. ಒಬ್ಬರಂತೆ ಇನ್ನೊಬ್ಬರು ಕಾಣುವ ಇಬ್ಬರು ಮನುಷ್ಯರ ದೇಹದಂತಿರುವುದು ಮೂರನೆಯದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದಕ್ಕಿರುವ ಆತ್ಮ ತುಚ್ಛವಾದುದು, ಇವೆರಡೂ ತ್ಯಾಜ್ಯ. ಮೂರನೆಯದಕ್ಕೆ ಹೋಲಿಕೆಯಿದ್ದರೂ ಜೀವ ಬೇರೆ. ಅದರಿಂದ ಕವಿಗೆ ಕುಂದಿಲ್ಲ. ಈ ಒರೆಗೆ ಹಚ್ಚಿದರೆ ಕೋಟ್ಯಧಿಪತಿಯು ಪ್ರತಿಬಿಂಬವೇ ಸರಿ. ಅದೇ ಎತ್ತರದ ಕುರ್ಚಿ, ಎದೆ ಡವಗುಟ್ಟಿಸುವ ಅದೇ ವಾದ್ಯಧ್ವನಿ, ಅದೇ ಬೆಳಕು, ಕಷ್ಟಕ್ಕೊದಗುವ ಅವೇ ಲೈಫ್‌ಲೈನುಗಳು. ಬಿಡದಿಯ ಮನೆಯನ್ನು ಸ್ವಲ್ಪ ಉದಾರವಾಗಿ ಚಿತ್ರದ ವರ್ಗಕ್ಕೆ ಸೇರಿಸಬಹುದು.

ಇಲ್ಲಿ ಒಂದು ಬಲವಾದ ಆಕ್ಷೇಪವು ಬರುತ್ತದೆ. ಹೊಸತನ್ನೇ ದೇವರೆಂದು ಪೂಜಿಸುವುದು ಈ ದೇಶದ ಹಳೆಯ ರೂಢಿಯಲ್ಲ. ರಾಮಾಯಣ ಭಾರತಗಳನ್ನು ಎಷ್ಟು ಮಂದಿ ಎಷ್ಟು ಸಲ ಹೇಳಲಿಲ್ಲ? ಹೇಳಿದ್ದನ್ನೇ ಹೇಳುವುದು ದೋಷವಾದರೆ ಪಂಪನೂ ದೋಷಿ, ಕುಮಾರವ್ಯಾಸನೂ ದೋಷಿ. ಹಾಗಿರುವಾಗ ದೂರದರ್ಶನದವರನ್ನು ಮಾತ್ರ ದೂರುವುದೇಕೆ?

ಉತ್ತರಕ್ಕೆ ಬಹುದೂರ ಹೋಗಬೇಕಾಗಿಲ್ಲ. ಬಿಡದಿಯಿಂದ ಅದೇ ದಾರಿಯಲ್ಲಿ ಮುಂದುವರಿದರೆ ಮೊದಲು ರಾಮದೇವರ ಬೆಟ್ಟ ಕಾಣುತ್ತದೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ಗಬ್ಬರ್‌ಸಿಂಗನು ಗರ್ಜಿಸಿದ್ದು ಈ ಬಂಡೆಗಳ ನಡುವೆ. ಹಳ್ಳಿಯನ್ನು ಕಾಯಲು ಬಾಡಿಗೆಯ ವೀರರನ್ನು ಕರೆತರುವ ಕಥೆಯ ಎಳೆಯನ್ನು ಜಪಾನಿನ ಕುರೊಸಾವಾ 1954ರಲ್ಲೇ ಚಿತ್ರಿಸಿದ್ದನು. ಅಮೆರಿಕದವರು 1960ರಲ್ಲಿ ಅದನ್ನು ತಮ್ಮ ಕುದುರೆ ಸವಾರರ ಕಥೆಯಾಗಿಸಿದ್ದರು. ಆದರೂ ಕೈಗಳನ್ನು ಕಳೆದುಕೊಂಡ ಆ ಠಾಕೂರನು, ಬಾಯಿಬಡುಕಿಯಾದ ಆ ಟಾಂಗಾವಾಲಿಯು ಜಪಾನಿನಿಂದ ಬಂದವರೆಂದು ಯಾರಿಗೂ ತೋರದು.

ಇನ್ನೂ ಮುಂದೆ ಚನ್ನಪಟ್ಟಣ. ಅಲ್ಲಿನ ಬಣ್ಣದ ಗೊಂಬೆಗಳ ಕಸಬು ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕರೆಸಿದ ಕುಶಲಿಗಳಿಂದ ಬಂದಿತೆಂಬುದು ಐತಿಹ್ಯ. ಬಂದದ್ದು ಹೊರಗಿನಿಂದಲೇ ಇರಲಿ. ಆದರೆ ಆ ವಿದ್ಯೆಯು ಇಲ್ಲಿಯ ಹಾಲೆಮರವನ್ನು ಹುಡುಕಿಕೊಂಡಿತು. ಬೆಳ್ಳಗೆ, ನುಣುಪಾಗಿ, ಉಳಿಗೆ ಒಗ್ಗುವ ಮರ. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ಉಜ್ಜಾಟದ ಕಾವಿಗೇ ಅರಗು ಕರಗಿ ಬಣ್ಣವು ಮರಕ್ಕೆ ಅಂಟುತ್ತದೆ. ಆಮೇಲೆ ಒಣಗಿದ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಕಸಬಿನವರ ಬೆರಳಿನಲ್ಲಿದೆ. ಬೊಂಬೆಯ ಆಕಾರವನ್ನು ಬದಲಿಸಬೇಕೆನಿಸಿದರೆ ಪರ್ಷಿಯಾಕ್ಕೆ ಕಾಗದ ಬರೆದು ಅಪ್ಪಣೆ ಕೇಳುವ ಕಾರಣವಿರಲಿಲ್ಲ. ಹೀಗಾಗಿ ಎರವಲು ಬಂದದ್ದು ಊರಿನ ಹೆಸರನ್ನೇ ಹೊತ್ತು, ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆಯಿತು.

ಪಂಪನ ಸ್ವಾತಂತ್ರ್ಯವೂ ಇದೇ ತೆರನಾದುದು. 941ರಲ್ಲಿ ಆತನು ವ್ಯಾಸರ ಕಥೆಯನ್ನು ಕೈಗೆತ್ತಿಕೊಂಡಾಗ ತನ್ನ ಒಡೆಯನಾದ ಅರಿಕೇಸರಿಯನ್ನೇ ಅರ್ಜುನನಾಗಿಸಿದನು. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದನು. ಅದು ತಪ್ಪೆನ್ನುವವರು ಪಂಪನನ್ನೇ ಹಿಡಿದು ಕೇಳಬಹುದು. ಉತ್ತರ ಹೇಳಬೇಕಾದವನು ಆತನೇ. ಸಾವಿರ ಸಲ ಹೇಳಿದ ಕಥೆಯಲ್ಲಿಯೂ ಪ್ರತಿ ಸಲ ಹೊಣೆ ಹೊರುವವನೊಬ್ಬನಿದ್ದನು.

ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಇಂದಿನ ಕೊರತೆಯು ನವೀನತೆಯದಲ್ಲ, ಕರ್ತೃವಿನದು. ಕ್ರಿಯೆಯಲ್ಲಿ ಸ್ವತಂತ್ರನಾದವನಿಗೆ ಮಾತ್ರ ಪಾಣಿನಿಯು ಕರ್ತೃವೆಂಬ ಹೆಸರನ್ನು ಕೊಡುತ್ತಾನೆ. ದೇವದತ್ತನು ಯಜ್ಞದತ್ತನಿಂದ ಅಡಿಗೆ ಮಾಡಿಸುವಾಗ ದೇವದತ್ತನು ಪ್ರಯೋಜಕ, ಯಜ್ಞದತ್ತನು ಪ್ರಯೋಜ್ಯ. ಹೇಳಿಸಿಕೊಂಡು ಮಾಡುವವನಾದರೂ ಉಪ್ಪು ಎಷ್ಟು, ಉರಿ ಎಷ್ಟು ಎಂಬುದರಲ್ಲಿ ಯಜ್ಞದತ್ತನಿಗೆ ಸ್ವಂತ ಬುದ್ಧಿಯುಂಟು. ಆದುದರಿಂದಲೇ ಅವನಿಗೂ ಕರ್ತೃತ್ವವು ತಪ್ಪಿಹೋಗುವುದಿಲ್ಲ. ಮಾದರಿಯ ವ್ಯಾಪಾರದಲ್ಲಿಯಾದರೋ ಉಪ್ಪನ್ನೂ ಅಳೆದು ಕಳುಹಿಸುತ್ತಾರೆ. ಆಟವನ್ನು ಹೇಗೆ ಆಡಿಸಬೇಕೆಂಬ ದಪ್ಪನೆಯ ಕೈಪಿಡಿಯೊಂದು ಮಾದರಿಯೊಡನೆ ಬರುತ್ತದೆ. ಆ ವ್ಯಾಪಾರದವರು ಅದನ್ನು ‘ಬೈಬಲ್’ ಎಂದೇ ಕರೆಯುತ್ತಾರೆ. ಕಲಾವಿದನು ಅಳುಕುತ್ತ ಒಪ್ಪಿಕೊಳ್ಳಬೇಕಾದ ಅನುಕರಣವು ಅಲ್ಲಿ ಖರೀದಿಯ ವಸ್ತು; ನಕಲು ಎಷ್ಟು ನಿಷ್ಠವೋ ಸರಕಿಗೆ ಅಷ್ಟು ಬೆಲೆ.

ಪೂರ್ತಿಯಾಗಿ ಅನ್ಯಾಯದ ಮಾತನ್ನಾಡಬಾರದು. ಕನ್ನಡದ ಮನೆಗೆ ಸೇರಿದ ಒಂದು ಚಿಟಿಕೆ ಉಪ್ಪುಂಟು. ವಾರದ ಕೊನೆಯಲ್ಲಿ ನಟ ಸುದೀಪರು ಬಂದು ನಿಂತು, ಯಾರದು ತಪ್ಪು ಯಾರದು ಒಪ್ಪು ಎಂದು ವಿಚಾರಿಸುವ ‘ವಾರದ ಕಥೆ ಕಿಚ್ಚನ ಜೊತೆ’ಯ ಪ್ರಸಂಗವನ್ನು ಜನರು ಮಿಕ್ಕ ಐದು ದಿನಗಳಿಗಿಂತ ಹೆಚ್ಚು ಆಸಕ್ತಿಯಿಂದ ಕಾಯುತ್ತಾರೆ. ಹಿಂದಿಯಲ್ಲಿಯೂ ಇಂಥದಿದೆ, ನಿಜ. ಆದರೂ ಮಾಗಡಿ ಕನಕಪುರಗಳ ಹಳ್ಳಿಗರಿಗೆ ಅದರಲ್ಲಿ ಕಾಣುವುದು ಅರಳಿಕಟ್ಟೆಯ ಪಂಚಾಯಿತಿ. ನ್ಯಾಯ ಹೇಳುವ ಹಿರಿಯನ ದನಿಗೆ ಅವರ ಕಿವಿ ಹಿಂದಿನಿಂದಲೂ ಪಳಗಿದೆ. ಎರವಲು ಪಾತ್ರೆಯಲ್ಲಿಯೂ ಜನ ತಮ್ಮ ಊಟವನ್ನು ಹುಡುಕುತ್ತಾರೆಂಬುದಕ್ಕೆ ಇದು ಸಾಕ್ಷಿ.

ಗಂಭೀರವಾದ ಹಾನಿಯಿರುವುದು ಗೋಡೆಯೊಳಗಿನ ಮನುಷ್ಯರಲ್ಲಿ. ಈ ಬಗೆಯ ಆಟಗಳಿಗೆ ‘ರಿಯಾಲಿಟಿ’, ಅಂದರೆ ವಾಸ್ತವವೆಂದು ಹೆಸರು. ಮೊದಲ ಆವೃತ್ತಿಗೆ ಹೋದವರಿಗೆ ಅಲ್ಲಿ ಹೇಗಿರಬೇಕೆಂಬುದು ತಿಳಿದಿರಲಿಲ್ಲ. ಅಷ್ಟರಮಟ್ಟಿಗೆ ಅದು ವಾಸ್ತವವೇ. ಹನ್ನೆರಡನೆಯ ಆವೃತ್ತಿಗೆ ಹೋಗುವವರು ಹಿಂದಿನ ಹನ್ನೊಂದನ್ನು ನೋಡಿದವರು. ಕೂಗಾಡುವವರು ಉಳಿಯುತ್ತಾರೆ, ಪ್ರಣಯದ ಸುಳಿವು ಕೊಟ್ಟವರನ್ನು ತೆರೆ ಬಿಡುವುದಿಲ್ಲ ಎಂದು ಕಲಿತೇ ಬಂದವರು. ಅವರ ಕೋಪವೂ ಕಂಡುಕಲಿತ ಕೋಪ, ಕಣ್ಣೀರೂ ಪಾಠವಾದ ಕಣ್ಣೀರು. ರಂಗದ ಮೇಲಿನ ನಟನಿಗೆ ತಾನು ನಟಿಸುತ್ತಿರುವೆನೆಂಬ ಅರಿವಿದೆ, ನೋಡುವವನಿಗೂ ಇದೆ. ಆ ಪ್ರಾಮಾಣಿಕತೆಯೇ ರಸಕ್ಕೆ ನೆಲೆ. ಇಲ್ಲಿ ನಟನೆಗೆ ವಾಸ್ತವವೆಂಬ ಚೀಟಿ ಅಂಟಿಸಿರುವುದರಿಂದ ನೋಡುವ ಹುಡುಗರು ಜಗಳವೆಂದರೆ ಹೀಗೆ, ಸ್ನೇಹವೆಂದರೆ ಹೀಗೆ ಎಂದು ಅದನ್ನೇ ಮೂಲವೆಂದು ಬಗೆದು ತಮ್ಮ ಬಾಳನ್ನು ನಕಲಾಗಿ ತಿದ್ದಿಕೊಳ್ಳುತ್ತಾರೆ.

ಹಾಡಿನ ಸ್ಪರ್ಧೆಗಳಲ್ಲಿ ಇದು ಇನ್ನೂ ಮರುಕ ಹುಟ್ಟಿಸುತ್ತದೆ. ಹಳ್ಳಿಯ ಮಗುವೊಂದು ಸಿನಿಮಾ ಹಾಡನ್ನು ಹಾಡಿ ಮುಗಿಸಿದಾಗ ತೀರ್ಪುಗಾರರು ಕೊಡುವ ದೊಡ್ಡ ಪ್ರಶಸ್ತಿ ಯಾವುದು? ‘ಮೂಲ ಗಾಯಕರು ಹಾಡಿದಂತೆಯೇ ಇತ್ತು’ ಎಂಬುದು. ಆ ಮಗುವಿನ ಅಜ್ಜಿಗೆ ಸೋಬಾನೆಯ ಪದಗಳು ಬರುತ್ತಿರಬಹುದು. ಅವು ವೇದಿಕೆಯನ್ನು ಕಾಣುವುದು ಜಾನಪದದ ಒಂದು ಸುತ್ತಿನಲ್ಲಿ, ಬಾಡಿಗೆಯ ಕಂಬಳಿ ಪೇಟಗಳೊಡನೆ, ಒಂದೇ ಒಂದು ವಾರ.

ಜನರ ರುಚಿಯೇ ಹಾಗೆ, ಏನು ಮಾಡಲಾದೀತು ಎಂಬುದು ವಾಹಿನಿಯವರ ಸಮಾಧಾನ. ಆದರೆ 2025ರ ಜನವರಿಯಲ್ಲಿ ಮುಗಿದ ಹನ್ನೊಂದನೆಯ ಆವೃತ್ತಿಯಲ್ಲಿ ಗೆದ್ದವನು ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ. ಆಟದ ನಡುವೆ ಮನೆಯೊಳಗೆ ಬಂದು, ತನ್ನ ಊರಿನ ಮಾತನ್ನೇ ಆಡುತ್ತ ಇದ್ದವನಿಗೆ ಕನ್ನಡಿಗರು ಮತಗಳನ್ನು ಸುರಿದರು. ಕಲಿತ ಪಾತ್ರಗಳ ನಡುವೆ ಕಲಿಯದ ಒಂದು ಮುಖವನ್ನು ಅವರು ಗುರುತಿಸಿದರೆಂದು ಇದಕ್ಕೆ ಅರ್ಥ ಹೇಳಿದರೆ ತಪ್ಪಾಗಲಾರದು. ವಾಹಿನಿಯವರ ಇನ್ನೊಂದು ವಾದದಲ್ಲಿ ಹೆಚ್ಚು ಸತ್ಯವಿದೆ: ಬೇರೆಡೆ ಗೆದ್ದುದನ್ನು ಕೊಂಡರೆ ನಷ್ಟದ ಭಯ ಕಡಿಮೆ, ಹೊಸದು ಸೋತರೆ ಕೆಲಸ ಹೋಗುವುದು ಅದನ್ನು ಸೂಚಿಸಿದವನದು.

ಹೊಸದಕ್ಕೆ ಬೀಜವೇ ಇಲ್ಲವೆಂದರೆ ಮಾತ್ರ ಒಪ್ಪಲಾಗದು. 2002ರಲ್ಲಿ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ಆರಂಭಿಸಿದ ‘ಥಟ್ ಅಂತ ಹೇಳಿ’ಯಲ್ಲಿ ಗೆದ್ದವರಿಗೆ ಕೋಟಿಯಿಲ್ಲ, ಕನ್ನಡ ಪುಸ್ತಕಗಳುಂಟು; ಅದು ಸಾವಿರಾರು ಸಂಚಿಕೆಗಳನ್ನು ಕಂಡಿತು. ಕರಾವಳಿಯಲ್ಲೂ ಕಾಸರಗೋಡಿನಲ್ಲೂ ತಾಳಮದ್ದಳೆಯ ಅರ್ಥಧಾರಿಗಳು ವೇಷವಿಲ್ಲದೆ, ಬರೆದುಕೊಟ್ಟ ಮಾತಿಲ್ಲದೆ, ಕೃಷ್ಣ ಕೌರವರಾಗಿ ರಾತ್ರಿಯಿಡೀ ವಾದಿಸುತ್ತಾರೆ. ಎದುರಾಳಿಯು ಮುಂದೇನನ್ನುವನೆಂಬುದು ಅವರಿಗೇ ತಿಳಿಯದು. ಅಷ್ಟಾವಧಾನವಂತೂ ಇದಕ್ಕಾಗಿಯೇ ಹೇಳಿಮಾಡಿಸಿದಂತಿದೆ. ಎಂಟು ಮಂದಿ ಪೃಚ್ಛಕರ ನಡುವೆ ಒಬ್ಬ ಅವಧಾನಿ. ಒಬ್ಬನು ಸಮಸ್ಯೆ ಕೊಡುತ್ತಾನೆ, ಒಬ್ಬನು ಅಕ್ಷರಗಳನ್ನೇ ನಿಷೇಧಿಸುತ್ತ ಹೋಗುತ್ತಾನೆ, ಅಪ್ರಸ್ತುತ ಪ್ರಸಂಗದವನು ಸಂಬಂಧವಿಲ್ಲದ ತುಂಟ ಪ್ರಶ್ನೆಗಳಿಂದ ಏಕಾಗ್ರತೆಯನ್ನು ಕೆಡಿಸಲು ನೋಡುತ್ತಾನೆ. ಸಭೆ ನಗುತ್ತಿರುತ್ತದೆ, ಪದ್ಯ ಬೆಳೆಯುತ್ತಿರುತ್ತದೆ. ಶತಾವಧಾನಿ ಆರ್. ಗಣೇಶರು ಸಾವಿರಕ್ಕೂ ಮಿಕ್ಕಿ ಅವಧಾನಗಳನ್ನು ಹೀಗೆ ನಡೆಸಿದ್ದಾರೆ. ಆ ತುಂಟ ಪ್ರಶ್ನೆಗಳನ್ನು ಮೊದಲೇ ಕೈಪಿಡಿಯಲ್ಲಿ ಬರೆದಿಡಲು ಬಾರದು.

ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ರಾಮನಗರ ಚನ್ನಪಟ್ಟಣಗಳ ನಡುವೆ, ಬಿಡದಿಯ ಮನೆಗೆ ಹೋಗುವ ಕ್ಯಾಮೆರಾಗಳು ಹಾಯುವ ಅದೇ ಹೆದ್ದಾರಿಯ ಮಗ್ಗುಲಲ್ಲಿದೆ. ಅಲ್ಲಿಯ ಬಯಲಿನಲ್ಲಿ ಇಂಥದೊಂದು ಸಭೆಯನ್ನು ಕೂಡಿಸಿ ನೂರು ದಿನ ನಡೆಸಲು ಗೋಡೆಯೂ ಬೇಕಿಲ್ಲ, ಹೊರದೇಶದ ಅಪ್ಪಣೆಯೂ ಬೇಕಿಲ್ಲ. ಮೊದಲ ಆವೃತ್ತಿಯು ಸೋತರೆ ಆ ನಷ್ಟವನ್ನು ಹೊರುವವರು ಯಾರೆಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.